ಜಿಪಿಎಸ್ ಕೊಳ್ಳಲೋ, ಲೇಸರ್ ಕೊಳ್ಳಲೋ?

ಡಿಪ್ಲೊಮಾ ಸಿವಿಲ್ ಮುಗಿಸಿ ಎರಡು ವರ್ಷವಾಯಿತು. ನಾನು ಹುಮನಾಬಾದಿನವನು. ಅನುಭವಿ ಭೂಮಾಪಕರೊಬ್ಬರ ಕೈಕೆಳಗೆ ಕೆಲಸ ಕಲಿಯುತ್ತಿದ್ದೇನೆ. ವಾರದಲ್ಲಿ ಕೆಲವು ದಿನ ಹುಮನಾಬಾದ್ ಸುತ್ತಮುತ್ತಲಿನ ಹೊಲಗಳಲ್ಲಿ, ಉಳಿದ ದಿನ ಬಸವಕಲ್ಯಾಣದ ಪ್ಲಾಟು, ಓಣಿ, ಹೊಸ ಬಡಾವಣೆಗಳಲ್ಲಿ ನಮ್ಮ ಅಳತೆ ನಡೆಯುತ್ತದೆ. ಈ ವರ್ಷ ಸ್ವಂತವಾಗಿ ಕೆಲಸ ಶುರು ಮಾಡಬೇಕೆಂಬ ಆಸೆ. ಅದಕ್ಕೆ ಯಂತ್ರ ಬೇಕು. ಅಪ್ಪ ತೊಗರಿ ಮಾರಿದ ಹಣ, ಅವ್ವ ಮಹಿಳಾ ಸಂಘದಿಂದ ತೆಗೆಯುವ ಸಾಲ, ನನ್ನ ಅಷ್ಟಿಷ್ಟು ಉಳಿತಾಯ ಮೂರೂ ಕೂಡಿದರೆ ಒಂದು ಯಂತ್ರಕ್ಕೆ ಸಾಕಾಗುತ್ತದೆ. ಎರಡಕ್ಕೆ ಸಾಲದು.

ಹಾಗಾಗಿ ಪ್ರಶ್ನೆ ನೇರವಾಗಿಯೇ ಎದುರಿಗೆ ನಿಂತಿತು. ಉಪಗ್ರಹದ ಸಂಕೇತ ಹಿಡಿಯುವ ಜಿಪಿಎಸ್ ರೋವರ್ ಕೊಳ್ಳಬೇಕೋ, ಲೇಸರ್ ಕಿರಣ ಬಿಟ್ಟು ಅಳೆಯುವ ಟೋಟಲ್ ಸ್ಟೇಷನ್ ಕೊಳ್ಳಬೇಕೋ? ಸಿವಿಲ್ ಓದುತ್ತಿರುವ, ಐಟಿಐ ಸರ್ವೇಯರ್ ಟ್ರೇಡ್ ಸೇರಿರುವ, ಭೂಮಾಪಕ ಹುದ್ದೆಯ ಪರೀಕ್ಷೆಗೆ ತಯಾರಾಗುತ್ತಿರುವ ಗೆಳೆಯರು ಇಂದಲ್ಲ ನಾಳೆ ಇದೇ ಪ್ರಶ್ನೆ ಎದುರಿಸುತ್ತೀರಿ. ನಾನು ವಿಚಾರಿಸಿ, ಅಳೆದು, ಲೆಕ್ಕ ಹಾಕಿ ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಗಾಲ್ಫ್‌ನವರಿಗೂ ಇದೇ ತಲೆನೋವು

ದೂರ ಅಳೆಯುವ ಲೇಸರ್ ಸಾಧನದ ಬೆಲೆ ನೋಡೋಣವೆಂದು ಆನ್‌ಲೈನ್ ಅಂಗಡಿಯಲ್ಲಿ ಹುಡುಕಿದರೆ ಸಾಲುಸಾಲಾಗಿ ಬಂದದ್ದು ಗಾಲ್ಫ್ ಆಟಗಾರರ ರೇಂಜ್‌ಫೈಂಡರ್‌ಗಳು. ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ ಗಾಲ್ಫ್ ಆಡಿದವರನ್ನು ನಾನು ಕಂಡಿಲ್ಲ. ಬೆಂಗಳೂರಿನ ಅದಿತಿ ಅಶೋಕ್ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆದಾಗ ನಮ್ಮ ಮನೆಯ ಟಿ.ವಿ.ಯಲ್ಲಿ ಮೊದಲ ಬಾರಿ ಆ ಆಟ ನೋಡಿದ್ದು, ಅಷ್ಟೇ. ಆದರೆ ಅವರ ಗೊಂದಲ ಓದಿದಾಗ ನನ್ನ ಗೊಂದಲ ಅರ್ಧ ತಿಳಿಯಾಯಿತು.

ಗಾಲ್ಫ್‌ನಲ್ಲಿ ಚೆಂಡು ಬೀಳಬೇಕಾದ ಗುಳಿಯ ಅಗಲ 108 ಮಿಲಿಮೀಟರ್, ಅಂದರೆ ನಮ್ಮ ಅಂಗೈ ಅಗಲಕ್ಕಿಂತ ಸ್ವಲ್ಪ ಹೆಚ್ಚು. ಅದರಲ್ಲಿ ಒಂದು ಬಾವುಟ ನೆಟ್ಟಿರುತ್ತಾರೆ. ಗುಳಿ ಎಷ್ಟು ದೂರವಿದೆ ಎಂಬುದರ ಮೇಲೆ ಯಾವ ಕೋಲಿನಿಂದ ಹೊಡೆಯಬೇಕು ಎಂಬುದು ತೀರ್ಮಾನವಾಗುತ್ತದೆ. 2019ರ ಜನವರಿಯಲ್ಲಿ ಬಂದ ಹೊಸ ನಿಯಮಗಳ ಪ್ರಕಾರ, ಸ್ಪರ್ಧೆ ನಡೆಸುವವರು ಬೇಡವೆನ್ನದಿದ್ದರೆ ಆಟಗಾರರು ದೂರ ಅಳೆಯುವ ಸಾಧನ ಬಳಸಬಹುದು. ಇಳಿಜಾರನ್ನು ಲೆಕ್ಕ ಹಾಕಿ ಹೇಳುವ ಸೌಲಭ್ಯವನ್ನು ಮಾತ್ರ ಬಳಸುವಂತಿಲ್ಲ.

ಅವರ ಮುಂದಿರುವ ಆಯ್ಕೆಗಳೂ ಎರಡೇ. ಒಂದು, ಕೈಗೆ ಕಟ್ಟುವ ಜಿಪಿಎಸ್ ವಾಚು. ಮೈದಾನದ ನಕ್ಷೆ ಮೊದಲೇ ಅದರಲ್ಲಿ ತುಂಬಿರುತ್ತದೆ. ನೀವು ಎಲ್ಲಿ ನಿಂತಿದ್ದೀರಿ ಎಂದು ಉಪಗ್ರಹಗಳಿಂದ ತಿಳಿದು, ಗುಳಿಯಿರುವ ಹುಲ್ಲಿನ ಅಂಗಳದ ಮುಂಭಾಗ, ನಡುಭಾಗ, ಹಿಂಭಾಗ ಎಷ್ಟು ದೂರ ಎಂದು ಹೇಳುತ್ತದೆ. ನಡುವೆ ಗಿಡ, ಗುಡ್ಡ ಅಡ್ಡ ಬಂದರೂ ತೊಂದರೆಯಿಲ್ಲ. ಇನ್ನೊಂದು, ಕಣ್ಣಿಗೆ ಹಿಡಿಯುವ ಲೇಸರ್. ಬಾವುಟಕ್ಕೆ ಗುರಿಯಿಟ್ಟು ಗುಂಡಿ ಒತ್ತಿದರೆ ಬಾವುಟದ ದೂರ ಸಿಗುತ್ತದೆ. ಆದರೆ ಬಾವುಟ ಕಾಣಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಹುಲ್ಲು ಸವೆಯಬಾರದೆಂದು ಗುಳಿಯ ಜಾಗವನ್ನು ಆಗಾಗ ಬದಲಿಸುತ್ತಾರೆ. ದೊಡ್ಡ ಪಂದ್ಯಗಳಲ್ಲಿ ದಿನದಿನವೂ ಬದಲಿಸುತ್ತಾರೆ. ವಾಚಿನೊಳಗಿನ ನಕ್ಷೆಗೆ ಅದು ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಲೇಸರ್‌ಗೆ ನಕ್ಷೆಯೇ ಗೊತ್ತಿಲ್ಲ. ಈಗ ಎದುರಿಗೆ ನಿಂತಿರುವ ಬಾವುಟವಷ್ಟೇ ಗೊತ್ತು. ಒಂದು ಸಾಧನ ‘ನಾನು ಎಲ್ಲಿದ್ದೇನೆ’ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ. ಇನ್ನೊಂದು ‘ಅದು ಎಷ್ಟು ದೂರ’ ಎಂಬ ಪ್ರಶ್ನೆಗೆ. ಬಾವುಟದ ಜಾಗದಲ್ಲಿ ಬಾಂದುಕಲ್ಲು ಇಟ್ಟುಕೊಳ್ಳಿ, ಭೂಮಾಪಕನ ಸಮಸ್ಯೆ ತಯಾರು.

ಎರಡರ ಒಳಗೆ ನಡೆಯುವುದೇನು?

ಜಿಪಿಎಸ್ ಉಪಗ್ರಹಗಳು ನೆಲದಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಪ್ರತಿಯೊಂದರಲ್ಲೂ ಪರಮಾಣು ಗಡಿಯಾರವಿದೆ. ಉಪಗ್ರಹ ಹೊರಡಿಸಿದ ಸಂಕೇತ ನಮ್ಮ ಕೈಯಲ್ಲಿರುವ ಸಾಧನಕ್ಕೆ ತಲುಪಲು ಎಷ್ಟು ಹೊತ್ತಾಯಿತು ಎಂಬುದರಿಂದ ದೂರದ ಲೆಕ್ಕ. ಬೆಳಕಿನ ವೇಗದ ಆಟವಾದ್ದರಿಂದ ಗಡಿಯಾರದಲ್ಲಿ ಒಂದು ಮೈಕ್ರೊಸೆಕೆಂಡ್ ತಪ್ಪಿದರೆ 300 ಮೀಟರ್ ತಪ್ಪುತ್ತದೆ. ನಮ್ಮ ಸಾಧನದಲ್ಲಿ ಪರಮಾಣು ಗಡಿಯಾರ ಇರುವುದಿಲ್ಲ. ಆ ವ್ಯತ್ಯಾಸವನ್ನೂ ಲೆಕ್ಕದಲ್ಲೇ ತೆಗೆಯಬೇಕಾದ್ದರಿಂದ ಮೂರರ ಬದಲು ಕನಿಷ್ಠ ನಾಲ್ಕು ಉಪಗ್ರಹ ಬೇಕು. ಈಗಿನ ಸಾಧನಗಳು ಅಮೆರಿಕದ ಜಿಪಿಎಸ್ ಜೊತೆಗೆ ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೌ ಉಪಗ್ರಹಗಳನ್ನೂ ಹಿಡಿಯುತ್ತವೆ. ಕೆಲವು ನಮ್ಮ ಇಸ್ರೊದ ನಾವಿಕ್ ಸಂಕೇತವನ್ನೂ ಬಳಸುತ್ತವೆ.

ಇಷ್ಟಾದರೂ ನಮ್ಮ ಮೊಬೈಲ್ ಬಯಲಿನಲ್ಲಿ ಕೊಡುವುದು ಮೂರರಿಂದ ಐದು ಮೀಟರ್ ಆಚೀಚಿನ ನಿಖರತೆ. ಭೂಮಾಪನಕ್ಕೆ ಇದು ಸಾಲದು. ಅದಕ್ಕೇ ರೋವರ್ ಜೋಡಿ ಬಂದದ್ದು. ಜಾಗ ಗೊತ್ತಿರುವ ಒಂದು ಬಿಂದುವಿನ ಮೇಲೆ ‘ಬೇಸ್’ ಯಂತ್ರ ನಿಲ್ಲಿಸುತ್ತೇವೆ. ತಾನೆಲ್ಲಿದ್ದೇನೆಂದು ಅದಕ್ಕೆ ಮೊದಲೇ ಗೊತ್ತಿರುವುದರಿಂದ ಉಪಗ್ರಹದ ಸಂಕೇತದಲ್ಲಿ ಎಷ್ಟು ವ್ಯತ್ಯಾಸವಿದೆ ಎಂದು ಕಂಡುಹಿಡಿದು ರೇಡಿಯೊ ಅಥವಾ ಮೊಬೈಲ್ ಇಂಟರ್ನೆಟ್ ಮೂಲಕ ಕಳಿಸುತ್ತದೆ. ಕೋಲಿನ ತುದಿಯಲ್ಲಿ ಕೂತ ‘ರೋವರ್’ ಆ ತಿದ್ದುಪಡಿ ಹಾಕಿಕೊಂಡು ಒಂದೆರಡು ಸೆಂಟಿಮೀಟರ್ ನಿಖರತೆಗೆ ಇಳಿಯುತ್ತದೆ. ಪರದೆಯ ಮೇಲೆ ‘ಫಿಕ್ಸ್’ ಎಂದು ಬಂದರೆ ನಂಬಬಹುದು. ‘ಫ್ಲೋಟ್’ ಎಂದಿದ್ದರೆ ಕಾಯಬೇಕು, ಇಲ್ಲವೇ ಜಾಗ ಬದಲಿಸಬೇಕು. ಸರ್ವೆ ಆಫ್ ಇಂಡಿಯಾ ಸ್ಥಾಪಿಸಿರುವ ಕಾರ್ಸ್ ಎಂಬ ಕಾಯಂ ಕೇಂದ್ರಗಳ ಜಾಲ ಬಳಸಿದರೆ ನಮ್ಮದೇ ಬೇಸ್ ಬೇಕಿಲ್ಲ. ಆದರೆ ಮೊಬೈಲ್ ನೆಟ್‌ವರ್ಕ್ ಬೇಕು.

ಲೇಸರ್‌ನ ಲೆಕ್ಕ ಇನ್ನೂ ಸರಳ. ಕಿರಣ ಹೋಗಿ ಬಡಿದು ಮರಳಿ ಬರುವ ಸಮಯ ಅಳೆಯುವುದು, ಅರ್ಧ ಮಾಡುವುದು. ಒಂದು ನ್ಯಾನೊಸೆಕೆಂಡ್ ಎಂದರೆ 15 ಸೆಂಟಿಮೀಟರ್ ದೂರ. ಗಾಲ್ಫ್‌ನ ರೇಂಜ್‌ಫೈಂಡರ್ ಇದೇ ರೀತಿ ಕೆಲಸ ಮಾಡಿ ಸುಮಾರು ಒಂದು ಗಜ ಆಚೀಚೆ ಉತ್ತರ ಕೊಡುತ್ತದೆ. ಟೋಟಲ್ ಸ್ಟೇಷನ್ ಹೋಗುವ ಮತ್ತು ಬರುವ ಕಿರಣದ ಅಲೆಗಳನ್ನು ಹೋಲಿಸಿ ಮಿಲಿಮೀಟರ್ ಮಟ್ಟಕ್ಕೆ ಇಳಿಯುತ್ತದೆ. ಜೊತೆಗೆ ಅಡ್ಡ ಕೋನ, ಉದ್ದ ಕೋನ ಎರಡನ್ನೂ ಓದುತ್ತದೆ. ಮನೆ ಕಟ್ಟುವವರು ಕೈಯಲ್ಲಿ ಹಿಡಿಯುವ ಸಣ್ಣ ಲೇಸರ್ ಮೀಟರ್ ಕೂಡ ಒಂದೆರಡು ಮಿಲಿಮೀಟರ್‌ನಷ್ಟು ನಿಖರ. ಆದರೆ ನಮ್ಮ ಏಪ್ರಿಲ್ ಬಿಸಿಲಿನಲ್ಲಿ ಅದರ ಕೆಂಪು ಚುಕ್ಕೆ ಇಪ್ಪತ್ತು ಹೆಜ್ಜೆಯಾಚೆ ಕಣ್ಣಿಗೇ ಬೀಳುವುದಿಲ್ಲ. ಅದು ಮನೆಯೊಳಗಿನ ಸಾಧನ.

ಗುಂಟೆ, ಆಣೆಯ ಲೆಕ್ಕ

ಮೀಟರ್, ಮಿಲಿಮೀಟರ್ ಎಂದರೆ ನಮ್ಮ ರೈತರಿಗೆ ಅರ್ಥವಾಗುವುದಿಲ್ಲ. ಗುಂಟೆಯಲ್ಲಿ ಹೇಳಬೇಕು. 33 ಅಡಿ ಉದ್ದ, 33 ಅಡಿ ಅಗಲದ ಜಾಗ ಒಂದು ಗುಂಟೆ, ಅಂದರೆ 1089 ಚದರ ಅಡಿ. 40 ಗುಂಟೆಗೆ ಒಂದು ಎಕರೆ. ಗುಂಟೆಯ 16ನೇ ಒಂದು ಪಾಲು ಆಣೆ, ಸುಮಾರು 68 ಚದರ ಅಡಿ.

ಚೌಕಾಕಾರದ ಒಂದು ಎಕರೆ ಹೊಲ ಇದೆ ಎಂದುಕೊಳ್ಳಿ. ಒಂದೊಂದು ಬದಿ ಸುಮಾರು 63.6 ಮೀಟರ್. ಒಂದು ಬದಿಯ ಗಡಿಯನ್ನು ಮೊಬೈಲ್ ಜಿಪಿಎಸ್ ನಂಬಿ 3 ಮೀಟರ್ ಒಳಗೆ ಹಾಕಿದರೆ ಹೋಗುವ ಜಾಗ ಸುಮಾರು 191 ಚದರ ಮೀಟರ್. ಹತ್ತಿರ ಹತ್ತಿರ ಎರಡು ಗುಂಟೆ! ಗಾಲ್ಫ್ ಲೇಸರ್ ನಂಬಿ ಒಂದು ಗಜ ತಪ್ಪಿದರೆ ಒಂಬತ್ತು ಆಣೆ ಹೋಗುತ್ತದೆ. ಫಿಕ್ಸ್ ಆದ ರೋವರ್‌ನಲ್ಲಿ ಎರಡು ಸೆಂಟಿಮೀಟರ್ ತಪ್ಪಿದರೆ ಆಣೆಯ ಐದನೇ ಒಂದು ಪಾಲು. ಟೋಟಲ್ ಸ್ಟೇಷನ್‌ನಲ್ಲಿ ಅದಕ್ಕಿಂತ ಕಡಿಮೆ.

ಹಾಗಾಗಿ ಅಗ್ಗವೆಂದು ಗಾಲ್ಫ್ ಸಾಧನ ಕೊಂಡು ಹೊಲ ಅಳೆಯುವ ವಿಚಾರ ಅಲ್ಲಿಗೇ ಮುಗಿಯಿತು. ಆಟದಲ್ಲಿ ಒಂದು ಗಜ ತಪ್ಪಿದರೆ ಮುಂದಿನ ಹೊಡೆತದಲ್ಲಿ ಸರಿಪಡಿಸಬಹುದು. ಹೊಲದಲ್ಲಿ ಒಂಬತ್ತು ಆಣೆ ತಪ್ಪಿದರೆ ತಹಶೀಲ್ದಾರ್ ಕಚೇರಿಗೆ, ಆಮೇಲೆ ಕೋರ್ಟಿಗೆ ಅಲೆಯಬೇಕಾಗುತ್ತದೆ.

ಹುಮನಾಬಾದಿನ ಹೊಲದಲ್ಲಿ

ಕಳೆದ ಬಾರಿ ತೊಗರಿ ಕೊಯ್ದ ಮೇಲೆ ಹುಮನಾಬಾದ್ ತಾಲ್ಲೂಕಿನ ಒಂದು ಹಳ್ಳಿಗೆ ಹದ್ದುಬಸ್ತಿಗಾಗಿ ಹೋಗಿದ್ದೆವು. ಅಣ್ಣ ತಮ್ಮಂದಿರ ಹೊಲ. ತಮ್ಮನ ಮಗ ಮೊಬೈಲ್ ಆ್ಯಪ್ ಹಿಡಿದು ಹೊಲ ಸುತ್ತಿ ಬಂದು, ಪಹಣಿಗಿಂತ ಮೂರು ಗುಂಟೆ ಕಡಿಮೆ ಇದೆ ಎಂದು ಲೆಕ್ಕ ತೆಗೆದಿದ್ದ. ಅಲ್ಲಿಂದ ಜಗಳ ಶುರು. ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗಿರಲಿಲ್ಲ. ನಿಜವಾಗಿ ತಕರಾರು ಇದ್ದದ್ದು ಬದುವಿನ ಪಕ್ಕದ ಎರಡು ಅಡಿ ಅಗಲದ ಪಟ್ಟಿಗೆ. ಆರುನೂರು ಅಡಿ ಉದ್ದಕ್ಕೆ ಎರಡು ಅಡಿ ಎಂದರೆ 1200 ಚದರ ಅಡಿ, ಒಂದು ಗುಂಟೆಗಿಂತ ಸ್ವಲ್ಪ ಹೆಚ್ಚು. ಮೂರು ಮೀಟರ್ ಆಚೀಚೆ ಹೇಳುವ ಮೊಬೈಲ್‌ಗೆ ಎರಡು ಅಡಿಯ ಪಟ್ಟಿ ಕಾಣುವುದೇ ಇಲ್ಲ ಎಂದು ಆ ಹುಡುಗನಿಗೆ ಯಾರೂ ಹೇಳಿರಲಿಲ್ಲ.

ಬಯಲು ಹೊಲ, ಬೆಳೆ ಇಲ್ಲ, ತಲೆಯ ಮೇಲೆ ಪೂರ್ತಿ ಆಕಾಶ. ರೋವರ್‌ಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಿಲ್ಲ. ಟೋಟಲ್ ಸ್ಟೇಷನ್ ಆಗಿದ್ದರೆ ಏರಿಳಿತದ ಆ ಹೊಲದಲ್ಲಿ ಮೂರ್ನಾಲ್ಕು ಕಡೆ ಎತ್ತಿ ಇಡಬೇಕಿತ್ತು. ರೋವರ್ ಹಿಡಿದು ಒಬ್ಬನೇ ನಡೆದರೆ ಒಂದು ಗಂಟೆಯ ಕೆಲಸ.

ಆದರೆ ನಮ್ಮ ಸರ್ ರೋವರ್ ಪೆಟ್ಟಿಗೆ ತೆರೆಯಲು ಬಿಡಲಿಲ್ಲ. ‘ಸಾಬ್ರ, ಈ ಕಲ್ಲು ನಮ್ಮ ಅಜ್ಜನ ಕಾಲದ್ದು ಅದ. ಮಷೀನ್ ಏನ್ ಹೇಳ್ತದ ನೋಡ್ರಿ’ ಎಂದು ಅಣ್ಣ ಅವಸರ ಮಾಡುತ್ತಿದ್ದರು. ಸರ್ ನನ್ನ ಕಡೆ ತಿರುಗಿ, ‘ತಮ್ಮಾ, ಮಷೀನಿಗಿ ಕಲ್ಲಿನ ವಯಸ್ಸು ಗೊತ್ತಿರಲ್ಲ. ಮೊದಲ ನಾಲ್ಕು ಮಂದಿ ಹಿರ್ಯಾರಿಗಿ ಕರಿ, ಆಮ್ಯಾಲ ಪೆಟ್ಟಿಗಿ ಬಿಚ್ಚು’ ಅಂದರು.

ಏಕೆಂದರೆ ನಮ್ಮ ಹಳೆಯ ಟಿಪ್ಪಣಿಯಲ್ಲಿ ಅಕ್ಷಾಂಶ, ರೇಖಾಂಶ ಬರೆದಿಲ್ಲ. ಈ ಕಲ್ಲಿನಿಂದ ಆ ಕಲ್ಲಿಗೆ ಇಷ್ಟು ಸರಪಳಿ, ಇಷ್ಟು ಆಣೆ ಎಂದು ಬರೆದಿದೆ. ಸರಪಳಿ 33 ಅಡಿ. ಅದಕ್ಕೆ 16 ಆಣೆ. ಅಂದರೆ ಉದ್ದದ ಲೆಕ್ಕದಲ್ಲಿ ಒಂದು ಆಣೆ ಎಂದರೆ ಎರಡು ಅಡಿ ಚಿಲ್ಲರೆ. ಅಣ್ಣ ತಮ್ಮಂದಿರ ಜಗಳವೂ ಎರಡು ಅಡಿಯದ್ದೇ! ದಾಖಲೆಯೇ ಆಣೆಯ ಲೆಕ್ಕದಲ್ಲಿದ್ದಾಗ, ಸೆಂಟಿಮೀಟರ್ ಹೇಳುವ ಯಂತ್ರ ತಂದ ಮಾತ್ರಕ್ಕೆ ಹಳೆಯ ಗಡಿ ಸೆಂಟಿಮೀಟರ್‌ಗೆ ಸಿಗುವುದಿಲ್ಲ. ಮೊದಲು ಹಳೆಯ ಕಲ್ಲುಗಳನ್ನು ಹುಡುಕಬೇಕು, ಅವು ಅಲ್ಲಾಡಿಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು, ಆಮೇಲೆ ಟಿಪ್ಪಣಿಯ ಅಳತೆಯನ್ನು ಅವುಗಳಿಗೆ ಕೂಡಿಸಬೇಕು.

ಹಿರಿಯರು ತೋರಿಸಿದ ಕಡೆ ಅಗೆದಾಗ ಮೂರು ಕಲ್ಲು ಸಿಕ್ಕವು. ರೋವರ್ ಇಟ್ಟು ನೋಡಿದರೆ ಎರಡು ಕಲ್ಲಿನ ನಡುವಿನ ದೂರ ಟಿಪ್ಪಣಿಗೆ ತಾಳೆಯಾಯಿತು. ಮೂರನೆಯದು ತಾಳೆಯಾಗಲಿಲ್ಲ. ಅದೇ ಅಣ್ಣ ತೋರಿಸಿದ ‘ಅಜ್ಜನ ಕಾಲದ’ ಕಲ್ಲು. ಯಾರು ಸರಿಸಿದರು, ಯಾವಾಗ ಸರಿಸಿದರು ಎಂಬುದನ್ನು ಯಾವ ಯಂತ್ರವೂ ಹೇಳುವುದಿಲ್ಲ; ನೇಗಿಲು, ಟ್ರ್ಯಾಕ್ಟರ್ ತಾಗಿಯೂ ಸರಿದಿರಬಹುದು. ಸರ್ ಆ ಮಾತನ್ನೇ ಎತ್ತಲಿಲ್ಲ. ಸರಿಯಿದ್ದ ಎರಡು ಕಲ್ಲಿನಿಂದ ಗಡಿ ಗುರುತಿಸಿ, ಎಲ್ಲರೆದುರು ಪಂಚನಾಮೆ ಬರೆದರು. ಇಬ್ಬರೂ ಸಹಿ ಹಾಕಿದರು. ಚಹಾ ಮಾತ್ರ ಬೇರೆ ಬೇರೆ ಮನೆಯಿಂದಲೇ ಬಂತು.

ಗಾಲ್ಫ್‌ನ ಬಾವುಟದ ಮಾತು ನನಗೆ ಪೂರ್ತಿ ಅರ್ಥವಾದದ್ದು ಅಲ್ಲಿ. ಎದುರಿಗೆ ಕಾಣುವ ಕಲ್ಲನ್ನು ಲೇಸರ್ ಎಷ್ಟು ನಿಖರವಾಗಿ ಅಳೆದರೂ, ಸರಿದ ಕಲ್ಲು ಸರಿದ ಕಲ್ಲೇ. ಉಪಗ್ರಹ ಎಷ್ಟು ನಿಖರವಾಗಿ ಜಾಗ ತೋರಿಸಿದರೂ, ನಕ್ಷೆಯನ್ನು ತಪ್ಪು ಕಲ್ಲಿಗೆ ಕೂಡಿಸಿದ್ದರೆ ಜಾಗವೂ ತಪ್ಪೇ.

ಬಸವಕಲ್ಯಾಣದ ಓಣಿಯಲ್ಲಿ

ಅದೇ ರೋವರ್ ಬಸವಕಲ್ಯಾಣದಲ್ಲಿ ಕೈಕೊಟ್ಟಿತು. ಕೋಟೆಯ ಆಸುಪಾಸಿನ ಹಳೆಯ ಓಣಿ. ಎರಡೂ ಕಡೆ ಎತ್ತರದ ಗೋಡೆ, ತಗಡಿನ ಮಾಡು, ನಡುವೆ ಎಂಟು ಅಡಿ ದಾರಿ. ಹಳೆಯ ಮನೆ ಕೆಡವಿ ಹೊಸದು ಕಟ್ಟುವವರಿಗೆ ನಾಲ್ಕು ಮೂಲೆ ಗುರುತಿಸಿ ಕೊಡಬೇಕಿತ್ತು. ರೋವರ್ ಹಿಡಿದು ನಿಂತರೆ ‘ಫ್ಲೋಟ್’, ‘ಫ್ಲೋಟ್’. ಆಕಾಶದ ಸಣ್ಣ ಪಟ್ಟಿ ಮಾತ್ರ ಕಾಣುವಲ್ಲಿ ಉಪಗ್ರಹಗಳು ಕಡಿಮೆ ಸಿಗುತ್ತವೆ. ಸಿಕ್ಕ ಸಂಕೇತವೂ ಗೋಡೆಗೆ, ತಗಡಿಗೆ ಬಡಿದು ಸುತ್ತಿ ಬರುತ್ತದೆ. ದಾರಿ ಉದ್ದವಾದರೆ ಸಮಯ ಹೆಚ್ಚು, ಸಮಯ ಹೆಚ್ಚಾದರೆ ದೂರ ತಪ್ಪು. ಇಂಥ ಕಡೆ ಒಮ್ಮೊಮ್ಮೆ ‘ಫಿಕ್ಸ್’ ಎಂದು ತೋರಿಸಿಯೂ ತಪ್ಪು ಜಾಗ ಹೇಳುವುದುಂಟು. ಅದು ಇನ್ನೂ ಅಪಾಯ.

ಓಣಿಯ ಬಾಯಲ್ಲಿ ಟೋಟಲ್ ಸ್ಟೇಷನ್ ನಿಲ್ಲಿಸಿ, ಮೂಲೆಗಳಲ್ಲಿ ಪ್ರಿಸಂ ಹಿಡಿದು ಅಳೆದೆವು. ಎದುರಿಗೆ ಕಂಡರೆ ಸಾಕು, ಆಕಾಶ ಬೇಕಿಲ್ಲ. ಪ್ರಿಸಂ ಇಡಲಾಗದ ಗೋಡೆಯ ತುದಿಗೆ ನೇರ ಲೇಸರ್ ಬಿಟ್ಟೆವು. ಕಿರಣಕ್ಕೆ ಅಡ್ಡ ಬರುವ ಬೈಕು, ಎಮ್ಮೆ, ಆಟವಾಡುವ ಮಕ್ಕಳು ದಾಟುವವರೆಗೆ ಕಾಯಬೇಕು, ಅಷ್ಟೇ.

ಎತ್ತರ ಅಳೆಯುವುದರಲ್ಲೂ ವ್ಯತ್ಯಾಸವಿದೆ. ಬಸವಕಲ್ಯಾಣದ 108 ಅಡಿಯ ಬಸವಣ್ಣನವರ ಪ್ರತಿಮೆಯನ್ನು ನೋಡಿರುತ್ತೀರಿ. ಜಿಪಿಎಸ್‌ನಿಂದ ಅದರ ಎತ್ತರ ತಿಳಿಯಬೇಕೆಂದರೆ ಸಾಧನವನ್ನು ತುದಿಗೆ ಒಯ್ಯಬೇಕು. ಟೋಟಲ್ ಸ್ಟೇಷನ್ ಆದರೆ ದೂರದಲ್ಲಿ ನಿಂತು, ದೂರ ಅಳೆದು, ತುದಿಗೆ ಮತ್ತು ಬುಡಕ್ಕೆ ಕೋನ ಓದಿದರೆ ಮುಗಿಯಿತು. ಹತ್ತನೇ ತರಗತಿಯ ತ್ರಿಕೋನಮಿತಿ. ಮೇಲಾಗಿ ಉಪಗ್ರಹದ ಅಳತೆಯಲ್ಲಿ ಎತ್ತರದ ನಿಖರತೆ ನೆಲದ ಮೇಲಿನ ನಿಖರತೆಗಿಂತ ಕಡಿಮೆ. ಅದು ಕೊಡುವ ಎತ್ತರವೂ ಸಮುದ್ರಮಟ್ಟದಿಂದಲ್ಲ, ಭೂಮಿಗೆ ಕಲ್ಪಿಸಿದ ಗಣಿತದ ಮೇಲ್ಮೈಯಿಂದ. ಚರಂಡಿ, ಕಾಲುವೆಯ ಇಳಿಜಾರು ನೋಡುವವರು ಇದನ್ನು ಮರೆಯುವಂತಿಲ್ಲ.

ದೊಡ್ಡ ಕಟ್ಟಡ, ರಸ್ತೆ, ರೈಲು ಕಾಮಗಾರಿಗಳಲ್ಲಿ ಎರಡನ್ನೂ ಜೊತೆಗೆ ಬಳಸುವುದೇ ರೂಢಿ. ಬಯಲಿನಲ್ಲಿ ಕೆಲವು ಆಧಾರ ಬಿಂದುಗಳನ್ನು ರೋವರ್‌ನಿಂದ ಗುರುತಿಸಿ, ಅಲ್ಲಿಂದ ಕಂಬ, ಗೋಡೆಯ ಸೂಕ್ಷ್ಮ ಅಳತೆಯನ್ನು ಟೋಟಲ್ ಸ್ಟೇಷನ್‌ನಿಂದ ಮಾಡುತ್ತಾರೆ.

ನಮ್ಮ ಜಿಲ್ಲೆಯ ಹಳೆಯ ಪಾಠ

ಅಳತೆಯ ಚರಿತ್ರೆಯಲ್ಲಿ ಬೀದರ್‌ಗೆ ಒಂದು ಜಾಗವಿದೆ ಎಂಬುದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. 1802ರಲ್ಲಿ ಮದ್ರಾಸಿನಿಂದ ವಿಲಿಯಂ ಲ್ಯಾಂಬ್ಟನ್ ಶುರು ಮಾಡಿದ ಮಹಾ ತ್ರಿಕೋನಮಿತಿ ಸರ್ವೆ ಉತ್ತರಕ್ಕೆ ಸಾಗುತ್ತಾ ಬಂದು, 1815ರಲ್ಲಿ ಬೀದರ್ ಬಳಿ ಒಂದು ಆಧಾರ ರೇಖೆಯನ್ನು ಅಳೆಯಿತು. ಆಗ ಜಿಪಿಎಸ್ ಇಲ್ಲ, ಲೇಸರ್ ಇಲ್ಲ. ಒಂದು ನೇರ ಗೆರೆಯನ್ನು ಉಕ್ಕಿನ ಸರಪಳಿಯಿಂದ ಎಚ್ಚರಿಕೆಯಿಂದ ಅಳೆದು, ಅರ್ಧ ಟನ್ ತೂಗುವ ಥಿಯೊಡೊಲೈಟ್‌ನಿಂದ ಕೋನಗಳನ್ನು ಓದಿ, ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತಾ ಹೋದರು. ಜಾರ್ಜ್ ಎವರೆಸ್ಟ್ ಸರ್ವೇಯರ್ ಜನರಲ್ ಆಗಿದ್ದಾಗ, 1841ರಲ್ಲಿ, ಇನ್ನೂ ಉತ್ತಮ ಉಪಕರಣಗಳಿಂದ ಬೀದರ್‌ನಲ್ಲಿ ಮತ್ತೆ ಆಧಾರ ರೇಖೆ ಅಳೆದರು.

ಒಮ್ಮೆ ಅಳೆದದ್ದನ್ನು 26 ವರ್ಷದ ಮೇಲೆ ಮತ್ತೆ ಅಳೆದರಲ್ಲ, ಅದೇ ನಮಗೆ ಪಾಠ. ಒಂದು ಉಪಕರಣದ ಉತ್ತರವನ್ನು ಇನ್ನೊಂದರಿಂದ ಪರೀಕ್ಷಿಸದೆ ಅವರು ಒಪ್ಪಲಿಲ್ಲ. ನಮ್ಮ ಟೋಟಲ್ ಸ್ಟೇಷನ್ ಆ ಥಿಯೊಡೊಲೈಟ್‌ನ ಮರಿಮಗನೇ. ಕೋನ ಓದುವ ಕೆಲಸಕ್ಕೆ ಲೇಸರ್ ಕೂಡಿಕೊಂಡಿದೆ.

ಕೊಳ್ಳುವ ಮುನ್ನ

ಹಣ ಕಟ್ಟುವ ಮೊದಲು ನಾನು ಒಂದು ಹಾಳೆಯಲ್ಲಿ ಕೆಲವು ಪ್ರಶ್ನೆ ಬರೆದುಕೊಂಡೆ. ನಿಮಗೂ ಉಪಯೋಗವಾಗಬಹುದು.

ಮೊದಲನೆಯದು, ನನಗೆ ಸಿಗುವ ಕೆಲಸ ಎಲ್ಲಿಯದು? ಬಯಲು ಹೊಲವೋ, ಊರ ನಡುವಿನ ಪ್ಲಾಟೋ? ಹೊಲವೇ ಆದರೆ ಯಾವ ಕಾಲದಲ್ಲಿ? ಎತ್ತರಕ್ಕೆ ಬೆಳೆದ ಕಬ್ಬಿನ ನಡುವೆ ಲೇಸರ್‌ಗೆ ದಾರಿಯಿಲ್ಲ. ಹುಣಸೆ, ಬೇವಿನ ಮರದ ದಟ್ಟ ನೆರಳಿನಲ್ಲಿ ರೋವರ್‌ಗೆ ದಾರಿಯಿಲ್ಲ.

ಎರಡನೆಯದು, ಜೊತೆಗೆ ಯಾರಿದ್ದಾರೆ? ಟೋಟಲ್ ಸ್ಟೇಷನ್‌ಗೆ ಸಾಮಾನ್ಯವಾಗಿ ಇಬ್ಬರು ಬೇಕು, ಒಬ್ಬ ಯಂತ್ರದ ಬಳಿ, ಇನ್ನೊಬ್ಬ ಪ್ರಿಸಂ ಬಳಿ. ಆ ಎರಡನೆಯವನ ದಿನಗೂಲಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. ರೋವರ್ ಒಬ್ಬನ ಕೆಲಸ.

ಮೂರನೆಯದು, ನೆಟ್‌ವರ್ಕ್ ಇದೆಯೇ? ತಾಂಡಾ, ಗುಡ್ಡದ ಬದಿಯ ಹೊಲಗಳಲ್ಲಿ ಸಿಮ್ ನಂಬಿದ ರೋವರ್ ಸುಮ್ಮನೆ ನಿಂತುಬಿಡುತ್ತದೆ. ಅಂಥ ಕಡೆ ಕೆಲಸವಿದ್ದರೆ ರೇಡಿಯೊ ಇರುವ ಬೇಸ್ ಜೋಡಿಯೇ ಬೇಕು; ಬೆಲೆಯೂ ಹೆಚ್ಚು.

ನಾಲ್ಕನೆಯದು, ದುರಸ್ತಿ ಎಲ್ಲಿ? ಹೈದರಾಬಾದ್‌ನಲ್ಲೋ, ಬೆಂಗಳೂರಿನಲ್ಲೋ? ಸೆಕೆಂಡ್‌ಹ್ಯಾಂಡ್ ಆದರೆ ನಿಖರತೆ ಪರೀಕ್ಷಿಸಿದ ಪ್ರಮಾಣಪತ್ರ ಇದೆಯೇ, ಅದರ ದಿನಾಂಕ ಯಾವುದು? ಎರಡು ಗೂಟದ ನಡುವೆ ಟೇಪು ಹಿಡಿದು, ಎದುರಿಗೇ ಅಳೆದು ನೋಡದೆ ಹಣ ಕೊಡಬೇಡಿ.

ಐದನೆಯದು, ಲೆಕ್ಕ ನನಗೆ ಬರುತ್ತದೆಯೇ? ಇದೇ ಮುಖ್ಯ. ಬೀದರ್ ಜಿಲ್ಲೆ ಯುಟಿಎಂ ವಲಯ 43ರಲ್ಲಿದೆ. 78 ಡಿಗ್ರಿ ರೇಖಾಂಶ ದಾಟಿ ಹೈದರಾಬಾದ್ ಕಡೆ ಹೋದರೆ ವಲಯ 44. ನಮ್ಮ ಕಡೆಯ ಎಷ್ಟೋ ಹುಡುಗರು ಕೆಲಸಕ್ಕೆ ಹೋಗುವುದೇ ಹೈದರಾಬಾದಿಗೆ. ಸೆಟ್ಟಿಂಗ್ ಬದಲಿಸದಿದ್ದರೆ ಅಂಕಿಗಳೆಲ್ಲ ಎಲ್ಲೆಲ್ಲೋ ಹೋಗುತ್ತವೆ. ರೋವರ್ ಕೊಡುವ ನಕ್ಷೆಯ ಮೇಲಿನ ದೂರಕ್ಕೂ ಟೋಟಲ್ ಸ್ಟೇಷನ್ ಕೊಡುವ ನೆಲದ ಮೇಲಿನ ದೂರಕ್ಕೂ ಸಣ್ಣ ವ್ಯತ್ಯಾಸವಿರುತ್ತದೆ. ಇಳಿಜಾರಿನಲ್ಲಿ ಅಳೆದ 100 ಮೀಟರ್, 10 ಡಿಗ್ರಿ ಓರೆಯಿದ್ದರೆ, ಸಮತಲದಲ್ಲಿ 98.5 ಮೀಟರ್ ಮಾತ್ರ. ದಾಖಲೆಗೆ ಹೋಗುವುದು ಸಮತಲದ ದೂರ. ಇವನ್ನೆಲ್ಲ ತಿಳಿಯದೆ ಯಂತ್ರ ಕೊಂಡರೆ ಪೆಟ್ಟಿಗೆ ಮನೆಯಲ್ಲಿರುತ್ತದೆ, ಕೆಲಸ ಬೇರೆಯವರ ಪಾಲಾಗುತ್ತದೆ.

ಇನ್ನೊಂದು ಮಾತು. ಯಂತ್ರ ಕೊಂಡವರೆಲ್ಲ ಭೂಮಾಪಕರಾಗುವುದಿಲ್ಲ. ಗಡಿ ವಿವಾದದಲ್ಲಿ ಬೆಲೆಯಿರುವುದು ಅರ್ಜಿ ಹಾಕಿ, ನೆರೆಹೊರೆಯವರಿಗೆ ನೋಟಿಸ್ ಕೊಟ್ಟು, ಇಲಾಖೆಯ ಮೂಲಕ ನಡೆಯುವ ಅಳತೆಗೆ. ಖಾಸಗಿಯಾಗಿ ನಾವು ಮಾಡಬಹುದಾದದ್ದು ಕಟ್ಟಡ, ಬಡಾವಣೆ, ರಸ್ತೆ, ಕಾಲುವೆ, ಸೋಲಾರ್ ಘಟಕಗಳ ಅಳತೆ. ಪರವಾನಗಿ ಬೇಕಿದ್ದವರು ಇಲಾಖೆಯ ಅಧಿಸೂಚನೆ ನೋಡಿ ಅರ್ಜಿ ಹಾಕಿ, ತರಬೇತಿ, ಪರೀಕ್ಷೆ ಮುಗಿಸಬೇಕು. ಅವಕಾಶಗಳೇನೋ ಹೆಚ್ಚುತ್ತಿವೆ. 2020ರ ಏಪ್ರಿಲ್ 24ರಂದು ಶುರುವಾದ ಸ್ವಾಮಿತ್ವ ಯೋಜನೆಯಲ್ಲಿ ಹಳ್ಳಿಯ ಮನೆಗಳನ್ನು ಡ್ರೋನ್‌ನಿಂದ ಅಳೆಯುತ್ತಿದ್ದಾರೆ. 2021ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆ ತಯಾರಿಸುವುದರ ಮೇಲಿದ್ದ ಹಳೆಯ ನಿರ್ಬಂಧಗಳನ್ನು ಭಾರತೀಯ ಸಂಸ್ಥೆಗಳಿಗೆ ಸಡಿಲಿಸಿತು. ಡ್ರೋನ್ ತೆಗೆದ ಚಿತ್ರಕ್ಕೂ ನೆಲದ ಮೇಲೆ ಆಧಾರ ಬಿಂದು ಗುರುತಿಸುವ ಕೈ ಬೇಕೇ ಬೇಕು.

ನನ್ನ ತೀರ್ಮಾನ

ಎರಡು ವರ್ಷ ಬರೆದಿಟ್ಟ ಡೈರಿ ತೆಗೆದು ಒಂದೊಂದೇ ಕೆಲಸ ಎಣಿಸಿದೆ. ಸ್ವಂತವಾಗಿ ಶುರು ಮಾಡಿದರೆ ನನಗೆ ಮೊದಲು ಸಿಗುವವು ಬಸವಕಲ್ಯಾಣ, ಹುಮನಾಬಾದ್ ಪಟ್ಟಣಗಳ ಪ್ಲಾಟು ಮತ್ತು ಕಟ್ಟಡದ ಕೆಲಸಗಳು. ಗುತ್ತಿಗೆದಾರರು ಕೇಳುವ ಮೊದಲ ಪ್ರಶ್ನೆಯೂ ‘ಟೋಟಲ್ ಸ್ಟೇಷನ್ ಬರ್ತದೇನು?’ ಎಂದೇ. ಹಾಗಾಗಿ ಗೆಳೆಯನೊಬ್ಬನ ಜೊತೆ ಪಾಲು ಹಾಕಿ ಸೆಕೆಂಡ್‌ಹ್ಯಾಂಡ್ ಟೋಟಲ್ ಸ್ಟೇಷನ್ ಕೊಳ್ಳಲು ನಿರ್ಧರಿಸಿದೆ. ಹೊಲದ ಕೆಲಸ ಬಂದ ದಿನ ರೋವರ್ ಬಾಡಿಗೆಗೆ ತರುವುದು. ಅವ್ವ ಸಂಘದಿಂದ ಸಾಲ ತೆಗೆಯುವುದು ತಪ್ಪಿತು. ಅಪ್ಪನ ಕೈಯಲ್ಲಿ ಮುಂದಿನ ಬಿತ್ತನೆಗೆ ಬೀಜ, ಗೊಬ್ಬರದ ಹಣ ಉಳಿಯಿತು.

ಇದು ನನ್ನ ಉತ್ತರ. ಔರಾದ್ ಕಡೆಯ ನನ್ನ ಸಹಪಾಠಿ ರೋವರ್ ಕೊಳ್ಳುತ್ತಿದ್ದಾನೆ. ಅವನಿಗೆ ಸಿಗುವುದೆಲ್ಲ ಬಯಲು ಹೊಲ, ಜೊತೆಗೆ ಕೂಲಿಗೆ ಇನ್ನೊಬ್ಬರು ಸಿಗುವುದು ಕಷ್ಟ. ಅವನದೂ ಸರಿ. ನಾವಿಬ್ಬರೂ ಒಬ್ಬರ ಅಳತೆಯನ್ನು ಇನ್ನೊಬ್ಬರು ಪರೀಕ್ಷಿಸಿ ಕೊಡುವ ಮಾತಾಗಿದೆ.

ಈ ವಿಷಯದಲ್ಲಿ ಆಸಕ್ತಿಯಿದ್ದರೆ ಖರ್ಚಿಲ್ಲದ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಕಾಲೇಜು ಮೈದಾನದಲ್ಲಿ ದೂರ ದೂರಕ್ಕೆ ಎರಡು ಗೂಟ ಹೊಡೆಯಿರಿ. ಟೇಪಿನಿಂದ ಅಳೆದು ಬರೆದಿಡಿ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೊಬೈಲ್ ಜಿಪಿಎಸ್‌ನಲ್ಲಿ ಅದೇ ದೂರ ನೋಡಿ. ಒಮ್ಮೆ ಬಯಲಲ್ಲಿ, ಒಮ್ಮೆ ಕಟ್ಟಡದ ಗೋಡೆಯ ಪಕ್ಕ ಅಳೆಯಿರಿ. ಕಾಲೇಜಿನ ಸರ್ವೆ ಲ್ಯಾಬಿನಲ್ಲಿ ಟೋಟಲ್ ಸ್ಟೇಷನ್ ಇದ್ದರೆ ಮೇಷ್ಟ್ರನ್ನು ಕೇಳಿ ಅದರಿಂದಲೂ ಒಮ್ಮೆ ಅಳೆಯಿರಿ. ಬಂದ ಉತ್ತರಗಳನ್ನೆಲ್ಲ ಒಂದೇ ಹಾಳೆಯಲ್ಲಿ ಬರೆದು, ವ್ಯತ್ಯಾಸ ಏಕೆ ಬಂತು ಎಂದು ಪಕ್ಕದಲ್ಲಿ ಕಾರಣ ಬರೆಯಿರಿ. ಸಂದರ್ಶನಕ್ಕೆ ಹೋಗುವಾಗ ಆ ಹಾಳೆ ಜೊತೆಗಿರಲಿ.